ನಾಲ್ಕು ಪುಟದ ಪತ್ರಿಕೆ, ತಿಂಗಳಿಗೊಂದು ದಿನದ ಕೂಲಿ: ಕ್ರಾಂತಿಕಾರಿ ಗುಂಪೊಂದನ್ನು ಮತ್ತೆ ಕಟ್ಟಿದ ನನ್ನ ಅನುಭವ

ನಮ್ಮ ಗುಂಪಿನ ಪತ್ರಿಕೆಯ ಪೂರ್ತಿ ಖರ್ಚು ಈಗ ಅದನ್ನು ಓದುವ ಕಾರ್ಮಿಕರ ಜೇಬಿನಿಂದಲೇ ಬರುತ್ತಿದೆ. ಹೆಚ್ಚುಕಡಿಮೆ ಒಂದೂವರೆ ವರ್ಷದಿಂದ ಯಾವ ಹಿತೈಷಿಯ ದೇಣಿಗೆಯನ್ನೂ, ಯಾವ ಸಂಸ್ಥೆಯ ಅನುದಾನವನ್ನೂ ನಾವು ಮುಟ್ಟಿಲ್ಲ. ಇದು ಆಗುವ ಮಾತಲ್ಲ ಎಂದವರಲ್ಲಿ ಚಳವಳಿಯಲ್ಲೇ ಆಯುಷ್ಯ ಸವೆಸಿದ ಹಿರಿಯರಿದ್ದರು, ನಮ್ಮ ಜೊತೆಯಲ್ಲೇ ಕೂತು ಊಟಮಾಡಿದ ಸಂಗಾತಿಗಳೂ ಇದ್ದರು. ಕ್ರಾಂತಿಕಾರಿ ಸಮಾಜವಾದಿ ರಾಜಕಾರಣವನ್ನು ಮತ್ತೆ ಕಟ್ಟಬೇಕೆಂದು ಹೊರಟವರು ಎಲ್ಲೆಡೆಯೂ ಸುಮಾರಾಗಿ ಒಂದೇ ಬಗೆಯ ಕಡೆಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತಿರುವುದನ್ನು ನೋಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಊರು, ಕಂಪನಿ, ಜನರ ಹೆಸರುಗಳನ್ನು ಬಿಟ್ಟಿದ್ದೇನೆ. ಕಾರಣ ಈ ಕೆಲಸದಲ್ಲಿರುವವರಿಗೆ ಗೊತ್ತು. ಅಂಕಿಗಳು ನೆನಪಿನಿಂದ ಬಂದವು, ಅತ್ತಿತ್ತ ಸ್ವಲ್ಪ ಸರಿದಿರಬಹುದು.

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಕುಸಿದಾಗ ನಾವೆಲ್ಲ ನಂಬಿದ್ದು ಒಂದೇ: ಬಂಡವಾಳಶಾಹಿಯ ಬಿಕ್ಕಟ್ಟೇ ನಮ್ಮ ಪರವಾಗಿ ಮಾತಾಡುತ್ತದೆ, ನಾವು ಅದಕ್ಕೆ ಸರಿಯಾದ ವಿವರಣೆ ಕೊಟ್ಟರೆ ಸಾಕು. ಹಾಗಾಗಿ ವಿವರಣೆಗಳನ್ನು ಕೊಟ್ಟೆವು. ತಿಂಗಳಿಗೊಂದು ಹೇಳಿಕೆ, ಮೂರು ತಿಂಗಳಿಗೊಂದು ವಿಚಾರಸಂಕಿರಣ. 2011ರಲ್ಲಿ ಕೈರೋದ ತಹ್ರೀರ್ ಚೌಕದ ಜನ 18 ದಿನಗಳಲ್ಲಿ ಈಜಿಪ್ಟಿನ ಅಧ್ಯಕ್ಷ ಮುಬಾರಕ್ ಅವರನ್ನು ಇಳಿಸಿದಾಗ, ಅದೇ ವರ್ಷ ನ್ಯೂಯಾರ್ಕ್‌ನ ವಾಲ್ ಸ್ಟ್ರೀಟ್ ಪಕ್ಕದ ಉದ್ಯಾನದಲ್ಲಿ ಯುವಜನರು ಬೀಡುಬಿಟ್ಟಾಗ, ನಮ್ಮ ಸಭೆಗಳಿಗೆ ನೂರಕ್ಕೆ ಹತ್ತಿರ ಜನ ಬರುತ್ತಿದ್ದರು. ಅಲೆ ಇಳಿದ ನಾಲ್ಕೈದು ತಿಂಗಳಲ್ಲಿ ಮತ್ತೆ ಅದೇ ಹತ್ತು ಹನ್ನೆರಡು ಮುಖಗಳು. ಪ್ರತಿ ಅಲೆಯ ನಂತರವೂ ಹೀಗೇ ಆಯಿತು. ಬಂದವರು ಕೆಟ್ಟವರಾಗಿರಲಿಲ್ಲ, ಸೋಮಾರಿಗಳೂ ಆಗಿರಲಿಲ್ಲ. ಸಭೆ ಮುಗಿಸಿ ಮನೆಗೆ ಹೋದವನು ಮರುದಿನ ಬೆಳಿಗ್ಗೆ ತಾನು ದುಡಿಯುವ ಜಾಗದಲ್ಲಿ ಮಾಡಬೇಕಾದ ಕೆಲಸವೊಂದನ್ನು ನಾವು ಅವನ ಕೈಗೆ ಕೊಟ್ಟಿರಲಿಲ್ಲ, ಅಷ್ಟೆ.

ಹಣದ ಮಟ್ಟಿಗೆ ಅದು ಇನ್ನೂ ಕೆಟ್ಟ ಕಾಲ. ದೊಡ್ಡ ಸಮ್ಮೇಳನವೊಂದನ್ನು ಸಾಲ ಮಾಡಿ ನಡೆಸಲಾಯಿತು. ಸಭಾಂಗಣದ ಬಾಡಿಗೆ, ಹೊರಗಿನಿಂದ ಬಂದ ಭಾಷಣಕಾರರ ಪ್ರಯಾಣ, ಬ್ಯಾನರುಗಳು, ಊಟ ಸೇರಿ ಆದ ಖರ್ಚು ಆ ಹೊತ್ತಿಗೆ ನಮ್ಮ ವರ್ಷದ ಒಟ್ಟು ವರಮಾನದ ಎರಡರಷ್ಟಿತ್ತು. ತೀರಿಸಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷಗಳಲ್ಲಿ ಚಂದಾ ಎತ್ತಲು ಹೋದ ಕಾರ್ಯಕರ್ತನಿಗೆ ಹೊಸ ಕೆಲಸದ ಬಗ್ಗೆ ಹೇಳಲು ಏನೂ ಇರಲಿಲ್ಲ, ಹಳೆಯ ಸಾಲದ ವಿಷಯವೇ ಮಾತಾಗುತ್ತಿತ್ತು. ಆಮೇಲೆ ದೇಣಿಗೆ ಸಂಸ್ಥೆಯೊಂದು ಇಬ್ಬರು ಪೂರ್ಣಾವಧಿ ಕಾರ್ಯಕರ್ತರಿಗೆ ಗೌರವಧನ ಕೊಡಲು ಮುಂದೆ ಬಂತು. ಮೊದಲ ಆರು ತಿಂಗಳು ಎಲ್ಲರಿಗೂ ಉಸಿರು ಬಂದಂತಾಯಿತು. ನಂತರ ಅವರ ವಾರದ ಎರಡು ದಿನ ವರದಿ ಬರೆಯುವುದಕ್ಕೇ ಹೋಗತೊಡಗಿತು. ವರದಿಗೆ ಒಗ್ಗುವ ಕಾರ್ಯಕ್ರಮಗಳು ಹೆಚ್ಚಾದವು, ಒಗ್ಗದವು ಕಡಿಮೆಯಾದವು. ಸಂಸ್ಥೆಯ ಆದ್ಯತೆ ಬದಲಾದ ವರ್ಷ ಗೌರವಧನ ನಿಂತಿತು, ಇಬ್ಬರೂ ಬೇರೆ ಕೆಲಸ ಹುಡುಕಿಕೊಂಡು ಹೋದರು. ಅವರನ್ನು ನಾನು ದೂಷಿಸುವುದಿಲ್ಲ. ಹಣ ಎಲ್ಲಿಂದ ಬರುತ್ತದೆಯೋ ಸಂಘಟನೆ ಆ ಕಡೆಗೇ ಮುಖ ಮಾಡಿ ನಿಲ್ಲುತ್ತದೆ ಎಂಬುದು ಆಗ ನನಗೆ ಖಚಿತವಾಯಿತು.

ಏಕತೆಯ ಮಾತುಕತೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಇನ್ನೊಂದು ಗುಂಪಿನೊಡನೆ ಒಂದು ವರ್ಷಕ್ಕೂ ಮೀರಿ ಕರಡು ಕಾರ್ಯಕ್ರಮದ ಮೇಲೆ ಚರ್ಚೆ ನಡೆಯಿತು. ಎರಡೂ ಕಡೆ ಸೇರಿ ನಲವತ್ತು ಜನರಿಲ್ಲದ ಹೊತ್ತಿನಲ್ಲಿ ಪ್ರಭುತ್ವದ ಸ್ವರೂಪದ ಬಗೆಗಿನ ತಿದ್ದುಪಡಿಗಳು ಐವತ್ತಕ್ಕೂ ಹೆಚ್ಚಿದ್ದವು. ಆ ಪ್ರಶ್ನೆಗಳು ಮುಖ್ಯವಾದವು, ಇಂದಿಗೂ ಮುಖ್ಯವಾದವು. ಆದರೆ ಅವುಗಳನ್ನು ಒರೆಗೆ ಹಚ್ಚಿ ನೋಡಬಲ್ಲ ಕಾರ್ಮಿಕರು ಆ ಕೋಣೆಯೊಳಗೆ ಇರಲಿಲ್ಲ.

ನನ್ನ ಯೋಚನೆಯನ್ನು ತಿರುಗಿಸಿದ್ದು ದೂರದ ಘಟನೆಗಳು. ಗ್ರೀಸ್‌ನಲ್ಲಿ 2015ರ ಜುಲೈ 5ರಂದು ಶೇ. 61ರಷ್ಟು ಜನ ದೇಶಕ್ಕೆ ಸಾಲ ಕೊಟ್ಟವರ ಷರತ್ತುಗಳಿಗೆ 'ಬೇಡ' ಎಂದು ಮತ ಹಾಕಿದರು, ಒಂದೇ ವಾರದಲ್ಲಿ ಅವರದೇ ಎಡಪಂಥೀಯ ಸರ್ಕಾರ ಇನ್ನೂ ಕಠಿಣವಾದ ಷರತ್ತುಗಳಿಗೆ ಒಪ್ಪಿಕೊಂಡಿತು. ಬ್ಯಾಂಕುಗಳು ಮುಚ್ಚಿದ್ದವು; ಅವುಗಳನ್ನು ಒಳಗಿನಿಂದ ಹಿಡಿದು ನಡೆಸಬಲ್ಲ ಸಂಘಟಿತ ಬ್ಯಾಂಕ್ ನೌಕರರ ಶಕ್ತಿಯನ್ನು ನೆಚ್ಚಿಕೊಂಡು ಹೆಜ್ಜೆ ಇಡುವ ಸ್ಥಿತಿಯಲ್ಲಿ ಆ ಸರ್ಕಾರ ಇರಲಿಲ್ಲ, ಆ ಮನಸ್ಸೂ ಅದಕ್ಕಿರಲಿಲ್ಲ. ಸುಡಾನ್‌ನ ಪ್ರತಿರೋಧ ಸಮಿತಿಗಳು ನಮ್ಮ ಕಾಲದ ಅತ್ಯಂತ ಧೀರ ಸಂಘಟನೆಗಳಲ್ಲಿ ಸೇರುತ್ತವೆ. ಬೀದಿ ಬೀದಿಗಳಲ್ಲಿ ಬೇರು ಬಿಟ್ಟಿದ್ದ ಅವು 2021ರ ಅಕ್ಟೋಬರ್‌ನ ಸೇನಾ ಕ್ಷಿಪ್ರಕ್ರಾಂತಿಗೂ ಎದೆಗೊಟ್ಟು ನಿಂತವು. ಆದರೆ ಬಂದೂಕು ಹಿಡಿದ ಎರಡು ಬಣಗಳು 2023ರ ಏಪ್ರಿಲ್‌ನಲ್ಲಿ ದೇಶವನ್ನೇ ಯುದ್ಧಕ್ಕೆ ನೂಕಿದಾಗ ಅದನ್ನು ತಡೆಯುವ ಶಕ್ತಿ ಬೀದಿಗೆ ಸಾಲಲಿಲ್ಲ. ಶ್ರೀಲಂಕಾದಲ್ಲಿ 2022ರ ಜುಲೈ 9ರಂದು ಜನ ಅಧ್ಯಕ್ಷರ ನಿವಾಸಕ್ಕೆ ನುಗ್ಗಿದರು, ಅಧ್ಯಕ್ಷರು ದೇಶ ಬಿಟ್ಟು ಓಡಿದರು. ಜುಲೈ 20ರಂದು ಹಳೆಯ ಸಂಸತ್ತೇ ಹಳೆಯ ವ್ಯವಸ್ಥೆಯ ಮನುಷ್ಯನನ್ನೇ ಅಧ್ಯಕ್ಷರನ್ನಾಗಿ ಆರಿಸಿತು. ಬಿಕ್ಕಟ್ಟು ಜನರನ್ನು ಬೀದಿಗೆ ತರುತ್ತದೆ, ಸರ್ಕಾರಗಳನ್ನೂ ಉರುಳಿಸುತ್ತದೆ. ಮರುದಿನ ಬಂದರು, ವಿದ್ಯುತ್ತು, ಗೋದಾಮು, ಆಸ್ಪತ್ರೆಗಳನ್ನು ಯಾರ ಮಾತಿನಂತೆ ನಡೆಸಬೇಕೆಂಬುದು ಮಾತ್ರ ಅದಕ್ಕಿಂತ ಎಷ್ಟೋ ವರ್ಷ ಮೊದಲು, ದುಡಿಯುವ ಜಾಗದಲ್ಲಿ ನಡೆದ ಅಥವಾ ನಡೆಯದೇ ಉಳಿದ ಕೆಲಸದಿಂದ ತೀರ್ಮಾನವಾಗುತ್ತದೆ.

2020ರ ಕೊನೆಯ ಹೊತ್ತಿಗೆ, ಮಹಾಮಾರಿಯ ಮೊದಲ ಲಾಕ್‌ಡೌನ್‌ಗಳು ಮುಗಿದ ಮೇಲೆ, ಏಳೆಂಟು ಜನ ಕೂತು ನಿರ್ಧಾರ ಮಾಡಿದೆವು. ಒಂದು ದೊಡ್ಡ ಗೋದಾಮನ್ನು ಆರಿಸಿಕೊಳ್ಳುವುದು, ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟದ ಪತ್ರಿಕೆ ತರುವುದು, ಮೂರು ವರ್ಷ ಬೇರೆ ಯಾವುದಕ್ಕೂ ಕೈಹಾಕದಿರುವುದು. ಇದು ನಮ್ಮ ಆವಿಷ್ಕಾರವೇನೂ ಅಲ್ಲ. 1947ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಹೊರವಲಯದ ರೆನೋ ಕಾರ್ಖಾನೆಯಲ್ಲಿ ಮುಷ್ಕರ ಹೊತ್ತಿಸಿದ್ದು ಬೆರಳೆಣಿಕೆಯ ಕ್ರಾಂತಿಕಾರಿಗಳ ಗುಂಪು. ಗಂಟೆಯ ಮೂಲವೇತನಕ್ಕೆ 10 ಫ್ರಾಂಕ್ ಸೇರಿಸಬೇಕೆಂಬುದು ಅವರ ಬೇಡಿಕೆ. ಒಂದು ವಿಭಾಗದಲ್ಲಿ ಶುರುವಾದದ್ದು ಕೆಲವೇ ದಿನಗಳಲ್ಲಿ ಇಡೀ ಕಾರ್ಖಾನೆಗೆ ಹಬ್ಬಿತು, ಮೊದಲು ವಿರೋಧಿಸಿದ್ದ ದೊಡ್ಡ ಕಾರ್ಮಿಕ ಸಂಘವೂ ಹಿಂದೆ ಬರಬೇಕಾಯಿತು, ಮೇ ಮೊದಲ ವಾರದಲ್ಲಿ ಕಮ್ಯುನಿಸ್ಟ್ ಮಂತ್ರಿಗಳು ಫ್ರೆಂಚ್ ಸರ್ಕಾರದಿಂದ ಹೊರಬಿದ್ದರು. ಆ ಕ್ರಾಂತಿಕಾರಿಗಳು ಮುಷ್ಕರಕ್ಕೆ ಮೊದಲು ಮಾಡಿದ್ದ ಕೆಲಸ ತಿಂಗಳುಗಟ್ಟಲೆ ಸಣ್ಣ ಪತ್ರಿಕೆಯನ್ನು ಹಂಚಿದ್ದು. ಆ ಗುಂಪು ಮುಷ್ಕರದ ನಂತರ ಹೊಸ ಕಾರ್ಮಿಕ ಸಂಘದ ದೈನಂದಿನ ಕೆಲಸದಲ್ಲಿ ಪೂರ್ತಿ ಮುಳುಗಿ ಎರಡು ಮೂರು ವರ್ಷದಲ್ಲಿ ಕರಗಿಹೋಯಿತು ಎಂಬುದನ್ನೂ ನಾವು ಅಷ್ಟೇ ಗಮನವಿಟ್ಟು ಓದಿದೆವು.

ಇನ್ನೊಂದು ಪಾಠ 1912ರಲ್ಲಿ ಶುರುವಾದ, ರಷ್ಯದ ಬೊಲ್ಶೆವಿಕರ ಪತ್ರಿಕೆ ಪ್ರಾವ್ದಾದ್ದು. ಪತ್ರಿಕೆಗೆ ಎಷ್ಟು ರೂಬಲ್ ಬಂತು ಎನ್ನುವುದಕ್ಕಿಂತ ಎಷ್ಟು ಕಾರ್ಮಿಕ ಗುಂಪುಗಳು ಕೊಪೆಕ್ ಕೊಪೆಕ್ (ರೂಬಲ್‌ನ ನೂರನೇ ಒಂದು ಭಾಗ) ಸೇರಿಸಿ ಕಳಿಸಿದವು ಎಂಬುದನ್ನು ಲೆನಿನ್ ಎಣಿಸುತ್ತಿದ್ದರು. 1913ರಲ್ಲಿ ಅಂಥ ಗುಂಪುಗಳು 2,000 ದಾಟಿದ್ದವು. ಒಬ್ಬ ಶ್ರೀಮಂತ ಬೆಂಬಲಿಗ ಕೊಡುವ ನೂರು ರೂಬಲ್‌ಗಿಂತ ನೂರು ಜನ ಕೊಡುವ ನೂರು ಕೊಪೆಕ್ ರಾಜಕೀಯವಾಗಿ ದೊಡ್ಡದೆಂಬ ಲೆಕ್ಕವನ್ನು ನಾವು ಅಕ್ಷರಶಃ ಪಾಲಿಸಿದೆವು.

ಪತ್ರಿಕೆಯ ಒಳಪುಟಗಳು ಹೇಗೆ ತಯಾರಾಗುತ್ತವೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬರು ರಾತ್ರಿ ಪಾಳಿ ಮುಗಿಸಿಕೊಂಡು ನಮ್ಮ ಕೋಣೆಗೆ ಬಂದಿದ್ದರು. "ಅಣ್ಣ, ಶೋಷಣೆ ಬಗ್ಗೆ ನೀವೇ ಬರ್ಕೊಳ್ಳಿ, ನನಗೆ ಹಾಗೆಲ್ಲ ಬರೆಯೋಕೆ ಬರಲ್ಲ," ಎಂದರು. ಶೋಷಣೆ ಬೇಡ, ನಿನ್ನೆ ರಾತ್ರಿ ಏನಾಯಿತು ಹೇಳಿ ಅಂದೆ. ಕೈಯಲ್ಲಿರುವ ಸ್ಕ್ಯಾನರ್ ಐದು ನಿಮಿಷ ಸುಮ್ಮನಿದ್ದರೆ ಮೇಲ್ವಿಚಾರಕನ ಪರದೆಯಲ್ಲಿ ಅವರ ನಂಬರಿನ ಮುಂದೆ ಕೆಂಪು ಗುರುತು ಬೀಳುತ್ತದೆ; ಶೌಚಾಲಯ ಗೋದಾಮಿನ ಇನ್ನೊಂದು ತುದಿಯಲ್ಲಿದೆ, ಹೋಗಿಬರಲು ಏಳೆಂಟು ನಿಮಿಷ ಬೇಕು; ಆದ್ದರಿಂದ ಪಾಳಿ ಶುರುವಾಗುವ ಎರಡು ಗಂಟೆ ಮೊದಲಿನಿಂದಲೇ ಅವರು ನೀರು ಕುಡಿಯುವುದನ್ನು ಬಿಟ್ಟಿದ್ದರು. ಇಷ್ಟನ್ನೇ ಐದು ವಾಕ್ಯಗಳಲ್ಲಿ ಅವರಿಂದಲೇ ಬರೆಸಿದೆವು. ನಾನು ಸೇರಿಸಹೊರಟ ವಿಶೇಷಣಗಳನ್ನು ಅವರೇ ಹೊಡೆದುಹಾಕಿದರು. 'ಐದು ನಿಮಿಷಕ್ಕೆ ಕೆಂಪು ಗುರುತು' ಎಂಬ ಶೀರ್ಷಿಕೆಯೂ ಅವರದೇ. ಆ ಸಂಚಿಕೆ ಕೈಯಿಂದ ಕೈಗೆ ಹೋದ ವೇಗವನ್ನು ನಾನು ಅದಕ್ಕೆ ಮೊದಲು ಯಾವ ಕರಪತ್ರದಲ್ಲೂ ಕಂಡಿರಲಿಲ್ಲ. ಮೂರು ವಾರದೊಳಗೆ ಆಡಳಿತ ಸದ್ದಿಲ್ಲದೆ ಮಿತಿಯನ್ನು ಹತ್ತು ನಿಮಿಷಕ್ಕೆ ಏರಿಸಿತು, ಮರುವಾರ ಬೇರೆ ಎರಡು ವಿಭಾಗಗಳವರು ತಮ್ಮ ಸುದ್ದಿ ಹಿಡಿದು ತಾವಾಗಿಯೇ ಬಂದರು.

ಅಲ್ಲಿಂದ ಕೆಲವು ಕಟ್ಟುನಿಟ್ಟುಗಳು ಬೆಳೆದವು. ಒಂದು ಬರಹಕ್ಕೆ ಒಂದೇ ಘಟನೆ. ಅದೇ ವಿಭಾಗದ ಇಬ್ಬರು ನಿಜವೆಂದು ಹೇಳದೆ ಯಾವುದೂ ಅಚ್ಚಾಗುವುದಿಲ್ಲ. ಅಚ್ಚಿಗೆ ಹೋಗುವ ಮೊದಲು ಓದಲು ಬಾರದ ಒಬ್ಬರಿಗೆ ಗಟ್ಟಿಯಾಗಿ ಓದಿಹೇಳಬೇಕು. ಮೇಲ್ವಿಚಾರಕನ ಮೇಲಿನ ವೈಯಕ್ತಿಕ ಬೈಗುಳಕ್ಕೆ ಜಾಗವಿಲ್ಲ. ನಾಲ್ಕು ವರ್ಷದಲ್ಲಿ ಒಂದು ಸುದ್ದಿಯನ್ನೂ ಆಡಳಿತ ಸುಳ್ಳೆಂದು ತೋರಿಸಲಾಗಲಿಲ್ಲ. ನಮ್ಮಷ್ಟು ನಿಖರವಾದ ಕಾರ್ಮಿಕ ಪತ್ರಿಕೆ ಸುತ್ತಮುತ್ತ ಇನ್ನೊಂದಿಲ್ಲ ಎಂದು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಒಳಪುಟಗಳು ಗೋದಾಮಿನ ಸುದ್ದಿಗೆ, ಮೊದಲ ಪುಟ ಜಗತ್ತಿನ ರಾಜಕಾರಣಕ್ಕೆ. ಆ ಮೊದಲ ಪುಟದ ಮೇಲೆ ಜಗಳ ದೊಡ್ಡದಿತ್ತು. ಹಿರಿಯ ಸಂಗಾತಿಯೊಬ್ಬರು ಇದೆಲ್ಲ ಕೂಲಿ-ಸೌಲಭ್ಯಗಳಾಚೆ ನೋಡದ ಬರಿಯ 'ಆರ್ಥಿಕವಾದ', ಶೌಚಾಲಯದ ರಾಜಕಾರಣದಿಂದ ಕ್ರಾಂತಿ ಹುಟ್ಟುವುದಿಲ್ಲ ಎಂದರು. ಅದಕ್ಕೆ ತದ್ವಿರುದ್ಧವಾಗಿ ಕಾರ್ಮಿಕ ಸಂಘದಲ್ಲಿ ಪಳಗಿದ ಇನ್ನೊಬ್ಬರು, ಯುದ್ಧ, ಹವಾಮಾನ, ಸಮಾಜವಾದ ಎಂದೆಲ್ಲ ಬರೆದರೆ ಜನ ಪತ್ರಿಕೆಯನ್ನು ಮಡಿಚಿ ಇಟ್ಟುಬಿಡುತ್ತಾರೆ, ಮೊದಲ ಪುಟವೇ ಬೇಡ ಎಂದರು. ಕಿರಿಯರು ಭೂಮಿಯೇ ಬೇಯುತ್ತಿರುವಾಗ ಇಷ್ಟು ನಿಧಾನದ ಕೆಲಸಕ್ಕೆ ಸಮಯ ಎಲ್ಲಿದೆ ಎಂದು ಕೇಳಿದರು. ಮೂವರ ಮಾತಿನಲ್ಲೂ ಹುರುಳಿತ್ತು, ಮೂವರಿಗೂ ಉತ್ತರ ಸಿಕ್ಕಿದ್ದು ಮೊದಲ ಪುಟದಲ್ಲೇ. 2021ರ ಮಾರ್ಚ್ 23ರಂದು ಎವರ್ ಗಿವನ್ ಎಂಬ 400 ಮೀಟರ್ ಉದ್ದದ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡಡ್ಡ ಸಿಕ್ಕಿಕೊಂಡು ಆರು ದಿನ ಕಾಲುವೆಯನ್ನೇ ಮುಚ್ಚಿತು. ಕಂಟೇನರುಗಳು ತಡವಾಗಿ ಒಟ್ಟಿಗೆ ಬಂದಾಗ ನಮ್ಮ ಗೋದಾಮಿನಲ್ಲಿ ಒಂದು ವಾರ ಕಡ್ಡಾಯ ಓವರ್‌ಟೈಮ್ ಆಯಿತು. ಆ ಓವರ್‌ಟೈಮ್‌ನಿಂದ ಬರಹ ಶುರುಮಾಡಿ, ಒಂದು ಹಡಗು ನಿಂತರೆ ಜಗತ್ತಿನ ಮಾರುಕಟ್ಟೆಯೇ ತಡವರಿಸುತ್ತದೆ ಎಂದಾದರೆ ಸರಕನ್ನು ಮುಟ್ಟುವ ಕೈಗಳೆಲ್ಲ ಒಟ್ಟಿಗೆ ನಿಂತಾಗ ಏನಾದೀತು ಎಂಬಲ್ಲಿಗೆ ಮುಟ್ಟಿಸಿದೆವು. 2022ರ ಮಾರ್ಚ್‌ನಲ್ಲಿ ಬಹುಮಟ್ಟಿಗೆ ಶೂನ್ಯದಲ್ಲಿದ್ದ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಬಡ್ಡಿದರ 2023ರ ಜುಲೈ ಹೊತ್ತಿಗೆ ಶೇ. 5 ದಾಟಿದ್ದನ್ನು ಬರೆದಾಗಲೂ ಆರಂಭ ಸಂಬಳ ಚೀಟಿಯಿಂದ, ಸಾಲದ ಕಂತಿನಿಂದ. ಬಿಕ್ಕಟ್ಟು ಜಾಗತಿಕವಾದದ್ದೇ, ಆದರೆ ಅದು ಪ್ರತಿಯೊಬ್ಬನ ಬಳಿಗೂ ಪಾಳಿಯ ವೇಳಾಪಟ್ಟಿಯ ರೂಪದಲ್ಲೋ, ಕಡಿತವಾದ ಕೂಲಿಯ ರೂಪದಲ್ಲೋ ಬರುತ್ತದೆ. ಆ ರೂಪದಲ್ಲೇ ಹಿಡಿದು ಮೇಲಕ್ಕೆ ಎಳೆದರೆ ಬಂಡವಾಳಶಾಹಿ ಇಡಿಯಾಗಿ ಕಾಣುತ್ತದೆ.

ಇನ್ನು ಲೆಕ್ಕ. ಗುಂಪಿನ ಸದಸ್ಯರು ತಿಂಗಳಿಗೆ ಒಂದು ದಿನದ ಕೂಲಿ ಕೊಡುತ್ತಾರೆ, ಹೆಚ್ಚು ಗಳಿಸುವವರು ಎರಡು ದಿನದ್ದು. ಓದುಗರು ತಮಗೆ ತೋಚಿದಷ್ಟು. ಮೊದಲ ವರ್ಷ ಓದುಗರಿಂದ ಬಂದದ್ದು ಅಚ್ಚಿನ ಖರ್ಚಿನ ಐದನೇ ಒಂದು ಭಾಗವೂ ಇರಲಿಲ್ಲ, ಉಳಿದದ್ದನ್ನು ನಾವೇ ತುಂಬಿದೆವು. ಇಬ್ಬರು ಆ ಭಾರ ತಾಳದೆ ಬಿಟ್ಟುಹೋದರು. ಎರಡನೇ ವರ್ಷ ಅರ್ಧಕ್ಕೆ ಬಂತು, ಮೂರನೆಯ ವರ್ಷದ ನಡುವೆ ಸರಿಸಮವಾಯಿತು. ಪತ್ರಿಕೆಯನ್ನು ಪುಕ್ಕಟೆ ಕೊಟ್ಟು ಡಬ್ಬಿ ಹಿಡಿಯುವುದನ್ನು ನಿಲ್ಲಿಸಿ, ಪ್ರತಿ ವಿಭಾಗದಲ್ಲಿ ಒಬ್ಬರ ಕೈಗೆ ಚಂದಾ ಪುಸ್ತಕ ಕೊಟ್ಟಾಗ ದೊಡ್ಡ ಬದಲಾವಣೆ ಆಯಿತು. ಪುಸ್ತಕ ಹಿಡಿದವರಿಗೆ ತಮ್ಮ ವಿಭಾಗದಲ್ಲಿ ಯಾರು ಯಾವ ಮಾತಿಗೆ ಕೈಬಿಚ್ಚಿದರು, ಯಾರು ಹಿಂಜರಿದರು ಎಂಬುದು ತಾನಾಗಿ ತಿಳಿಯುತ್ತದೆ. ಮುಷ್ಕರಕ್ಕೆ ಮೊದಲು ಬೇಕಾಗುವುದು ಅದೇ ತಿಳಿವಳಿಕೆ. ಮೂರು ತಿಂಗಳಿಗೊಮ್ಮೆ ಜಮಾಖರ್ಚನ್ನು ಪತ್ರಿಕೆಯಲ್ಲೇ ಹಾಕುತ್ತೇವೆ. ಬಂದದ್ದರಲ್ಲಿ ಸುಮಾರು ಮೂರನೇ ಒಂದು ಪಾಲು ಅಚ್ಚಿಗೆ, ಅಷ್ಟೇ ಕೋಣೆಯ ಬಾಡಿಗೆ ಮತ್ತು ಓಡಾಟಕ್ಕೆ, ಉಳಿದದ್ದು ಕೆಲಸ ಕಳೆದುಕೊಂಡವರ ನಿಧಿಗೆ ಮತ್ತು ಅರ್ಧಾವಧಿ ಕಾರ್ಯಕರ್ತೆಯೊಬ್ಬರ ಭತ್ಯೆಗೆ. ಅವರಿಗೆ ಗೋದಾಮಿನ ಸರಾಸರಿ ಕೂಲಿಗಿಂತ ಒಂದು ಪೈಸೆಯೂ ಹೆಚ್ಚಿಲ್ಲ. 1871ರಲ್ಲಿ ಪ್ಯಾರಿಸ್‌ನ ದುಡಿಯುವ ಜನ ಕಟ್ಟಿದ ಅಲ್ಪಕಾಲದ ಸರ್ಕಾರ, ಪ್ಯಾರಿಸ್ ಕಮ್ಯೂನ್, ತನ್ನ ಅಧಿಕಾರಿಗಳ ಸಂಬಳಕ್ಕೆ ವರ್ಷಕ್ಕೆ 6,000 ಫ್ರಾಂಕ್‌ನ ಮಿತಿ ಹಾಕಿತ್ತು. ಗೆದ್ದ ಮೇಲೆ ಪಾಲಿಸುವ ನಿಯಮವೆಂದು ಅದನ್ನು ಎತ್ತಿಡದೆ ಈಗಲೇ ರೂಢಿಸಿಕೊಳ್ಳುವುದು ಒಳ್ಳೆಯದು.

ಪಕ್ಕದ ಪ್ರಯೋಗಗಳೂ ನಡೆದವು. ಚಾಲಕರಿಗೆ ಓದಲು ಬಿಡುವಿಲ್ಲವೆಂದು ಪತ್ರಿಕೆಯನ್ನು ಧ್ವನಿಮುದ್ರಿಸಿ ಮೊಬೈಲ್‌ಗೆ ಕಳಿಸಿದೆವು. ಕೇಳಿದವರು ಸಾವಿರದ ಹತ್ತಿರ ಇರಬೇಕು, ಅದರಿಂದ ಬಂದ ಚಂದಾ ಮತ್ತು ಜನ ಎರಡೂ ಶೂನ್ಯಕ್ಕೆ ಹತ್ತಿರ. ಎದುರು ನಿಂತು ಕೊಡುವ ಕಾಗದದಿಂದ ಮಾತು ಹುಟ್ಟುತ್ತದೆ, ಕಿವಿಗೆ ಬಿದ್ದ ದನಿಯಿಂದ ಹುಟ್ಟಲಿಲ್ಲ. ಒಂದೇ ಪೆಟ್ಟಿಗೆಯ ಹಿಂದೆ ಬಿದ್ದು ಅದು ಎಷ್ಟು ಗುತ್ತಿಗೆದಾರರ ಕೈದಾಟುತ್ತದೆಂದು ನಕ್ಷೆ ಬರೆದದ್ದು ಬೇರೆ ಬಗೆಯ ಫಲ ಕೊಟ್ಟಿತು. ಆ ನಕ್ಷೆಯ ನೆಪದಲ್ಲೇ ನಾಲ್ಕು ಬೇರೆ ಮಾಲೀಕರ ಕೆಳಗೆ ದುಡಿಯುವವರು ಮೊದಲ ಬಾರಿ ಒಂದು ಕೋಣೆಯಲ್ಲಿ ಕೂತರು. ಅಧ್ಯಯನ ವಲಯದಲ್ಲಿ ಪಠ್ಯಕ್ರಮವನ್ನು ಕೈಬಿಟ್ಟು, ಆ ಹದಿನೈದು ದಿನಗಳಲ್ಲಿ ಎದ್ದ ಪ್ರಶ್ನೆಯಿಂದ ಹಿಂದಕ್ಕೆ ಓದತೊಡಗಿದೆವು. 2019ರ ಮೇ ತಿಂಗಳಲ್ಲಿ ಇಟಲಿಯ ಜಿನೋವಾ ಬಂದರಿನ ಕಾರ್ಮಿಕರು ಯೆಮನ್ ಯುದ್ಧವನ್ನು ವಿರೋಧಿಸಿ ಸೌದಿ ಹಡಗಿಗೆ ಸರಕು ತುಂಬಲು ನಿರಾಕರಿಸಿದ ಪ್ರಸಂಗವನ್ನು ಓದಿದ ದಿನ, ಅಂತರರಾಷ್ಟ್ರೀಯತೆಯ ಮೇಲೆ ನಾನು ಕೊಟ್ಟಿದ್ದ ಎಲ್ಲ ಭಾಷಣಗಳಿಗಿಂತ ಹೆಚ್ಚಿನ ಚರ್ಚೆ ನಡೆಯಿತು. "ನಮ್ಮ ಪೆಟ್ಟಿಗೆಗಳಲ್ಲಿ ಏನಿರುತ್ತೆ ಅಂತ ನಮಗೇ ಗೊತ್ತಿಲ್ವಲ್ಲ" ಎಂದು ಒಬ್ಬ ಲೋಡರ್ ಕೇಳಿದ್ದು ಮುಂದಿನ ಎರಡು ಸಂಚಿಕೆಗಳಿಗೆ ವಸ್ತುವಾಯಿತು.

ಮೂರನೆಯ ವರ್ಷ ಗುತ್ತಿಗೆ ನವೀಕರಣದ ಹೊತ್ತಿಗೆ ಹಳಬರನ್ನು ಕೈಬಿಡುವ ಪಟ್ಟಿ ಹೊರಬಿತ್ತು. ಮೂರು ದಿನ ಕೆಲಸ ನಿಂತಿತು. ಎಲ್ಲ ವಿಭಾಗಗಳಿಂದ ಆರಿಸಿದ ಸಮಿತಿಯೇ ಅದನ್ನು ನಡೆಸಿತು. ನಮ್ಮ ಗುಂಪಿನವರು ಆ ಸಮಿತಿಯಲ್ಲಿ ಅಲ್ಪಸಂಖ್ಯಾತರಾಗಿದ್ದರು, ಹಾಗಿರುವುದನ್ನು ನಾವೇ ಬಯಸಿದ್ದೆವು. ಪ್ರತಿ ಸಂಜೆ ಗೇಟಿನ ಮುಂದೆ ಸಭೆ, ಮಾತುಕತೆಗೆ ಹೋದವರು ಅಲ್ಲೇ ವರದಿ ಒಪ್ಪಿಸಬೇಕು, ಸಭೆಗೆ ಒಪ್ಪಿಗೆಯಾಗದಿದ್ದರೆ ಅಲ್ಲೇ ಬದಲಾಯಿಸಬಹುದು. ಪಟ್ಟಿಯಲ್ಲಿದ್ದ ಮುಕ್ಕಾಲು ಪಾಲು ಜನರಿಗೆ ಕೆಲಸ ಮರಳಿತು, ಉಳಿದವರಿಗೆ ಪರಿಹಾರ ಸಿಕ್ಕಿತು. ಪೂರ್ಣ ಗೆಲುವೆಂದು ನಾವು ಬರೆಯಲಿಲ್ಲ. ನನ್ನ ದೃಷ್ಟಿಯಲ್ಲಿ ದೊಡ್ಡ ಸಂಗತಿ ಆಮೇಲೆ ನಡೆಯಿತು. ಸಾಮಾನ್ಯವಾಗಿ ಮುಷ್ಕರ ಮುಗಿದ ಎರಡು ತಿಂಗಳಿಗೆ ಎಲ್ಲ ತಣ್ಣಗಾಗುತ್ತದೆ. ಇಲ್ಲಿ ಚಂದಾ ಇಳಿಯಲಿಲ್ಲ, ಅಧ್ಯಯನ ವಲಯಕ್ಕೆ ಬರುವವರು ಇಮ್ಮಡಿಯಾದರು. ರೆನೋದ ಪಾಠ ನೆನಪಿದ್ದುದರಿಂದ ಮುಷ್ಕರದ ಮೂರು ದಿನವೂ ಮೊದಲ ಪುಟವನ್ನು ಬಿಡಲಿಲ್ಲ, ಸಮಾಜವಾದದ ಮಾತನ್ನು ಮುಂದೂಡಲಿಲ್ಲ. ಸಮಿತಿಯ ಕೆಲಸದಲ್ಲಿ ಗುಂಪು ಕರಗದಂತೆ ಇಬ್ಬರನ್ನು ಬೇಕೆಂದೇ ಹೊರಗೆ, ಪತ್ರಿಕೆ ಮತ್ತು ಅಧ್ಯಯನಕ್ಕೆ ಮಾತ್ರ, ಮೀಸಲಿಟ್ಟೆವು. ಈಗ ಚಂದಾ ಕೊಡುವ ಓದುಗರು ನೂರೈವತ್ತರ ಆಸುಪಾಸು, ಸದಸ್ಯರು ಮೂವತ್ತು ಮೂವತ್ತೈದು. ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗೋದಾಮಿನವರೇ. ಇಪ್ಪತ್ತು ವರ್ಷ ಚಳವಳಿಯಲ್ಲಿದ್ದು ನಾನು ಇಂಥ ಅನುಪಾತವನ್ನು ಕಂಡದ್ದು ಇದೇ ಮೊದಲು.

ಎರಡು ಸಂಗತಿಗಳನ್ನು ಇಲ್ಲಿ ಬರೆಯುವುದಿಲ್ಲ. ಪತ್ರಿಕೆ ಗೇಟಿನ ಒಳಗೆ ಹೇಗೆ ಹೋಗುತ್ತದೆ ಎಂಬುದು ಒಂದು, ಹೊಸ ವಿಭಾಗದಲ್ಲಿ ಮೊದಲ ಮನುಷ್ಯನನ್ನು ಹೇಗೆ ಗುರುತಿಸುತ್ತೇವೆ ಎಂಬುದು ಇನ್ನೊಂದು. ಇದನ್ನು ಆಡಳಿತದವರೂ ಓದುತ್ತಾರೆ. ಎದುರು ಕೂತು ಕೇಳುವ ಸಂಗಾತಿಗಳಿಗೆ ಎರಡನ್ನೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಆಸ್ಪತ್ರೆಯೊಂದರ ಶುಚಿತ್ವ ವಿಭಾಗದವರು ತಮಗೂ ಇಂಥದ್ದೇ ಪತ್ರಿಕೆ ಬೇಕೆಂದು ಬಂದಿದ್ದಾರೆ. ಹೊಸ ಜಾಗಕ್ಕೆ ನಾವು ಇಬ್ಬರನ್ನು ಕೊಡುತ್ತೇವೆ, ಅಚ್ಚಿನ ಖರ್ಚನ್ನು ಮೊದಲ ಕೆಲವು ಸಂಚಿಕೆಗಳಿಗೆ ಮಾತ್ರ ಹೊರುತ್ತೇವೆ, ಮೊದಲ ಸಂಚಿಕೆಯಿಂದಲೇ ಒಳಪುಟಗಳನ್ನು ಅಲ್ಲಿನವರೇ ಬರೆಯಬೇಕೆಂದು ಕರಾರು ಹಾಕುತ್ತೇವೆ. ಮೂರು ತಿಂಗಳಲ್ಲಿ ಚಂದಾ ಪುಸ್ತಕ ಹಿಡಿಯುವವರು ಅಲ್ಲಿ ಸಿಗದಿದ್ದರೆ ಪತ್ರಿಕೆಯನ್ನು ನಿಲ್ಲಿಸಿ ಮತ್ತೆ ಬರಿಯ ಮಾತುಕತೆಗೆ ಮರಳಬೇಕೆಂಬುದು ನಮ್ಮ ನಿಲುವು. ಹಿಂದೊಮ್ಮೆ ಒಂದು ಕಡೆ ಹಾಗೆ ನಿಲ್ಲಿಸಿದ್ದೆವು. ಒಂದು ವರ್ಷ ಕಳೆದ ಮೇಲೆ ಅಲ್ಲಿಯವರೇ ಇಬ್ಬರು ಪುಸ್ತಕ ಕೇಳಿಕೊಂಡು ಬಂದರು, ಆ ಜಾಗದಲ್ಲಿ ಈಗ ಪತ್ರಿಕೆ ತಪ್ಪದೆ ಹೊರಡುತ್ತಿದೆ.